ನಾಲ್ಕು ಎಣಿಕೆಯ ಮೌನ

ನಾಲ್ಕನೇ ಸಲವೂ ಅವಳು ಟ್ಯೂನಿನ ಅದೇ ಜಾಗಕ್ಕೆ ಬಂದು ಗಿಟಾರಿನಿಂದ ಕೈ ಎತ್ತಿಬಿಟ್ಟಳು.

ಗಾಜಿನ ಈಚೆ ಟೇಪಜ್ಜ ಯಂತ್ರ ನಿಲ್ಲಿಸಿದ. ವಯಸ್ಸು ಎಪ್ಪತ್ತೆಂಟು. ಇದೇ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡಿ ಕೂದಲು ಹಣ್ಣಾದವನು, ಕೆಲಸ ಬಿಟ್ಟು ಹನ್ನೆರಡು ವರ್ಷವಾಗಿತ್ತು. ಅದೇ ಕೋಣೆ, ಅದೇ ಹಳೆಯ ಟೇಪು ಯಂತ್ರ, ಅದೇ ಅಜ್ಜ ಬೇಕೇ ಬೇಕು ಎಂದು ಪಟ್ಟು ಹಿಡಿದು ಗಿಟಾರಿನವಳು ಅವನನ್ನು ಮನೆಯಿಂದ ಎಬ್ಬಿಸಿಕೊಂಡು ಬಂದಿದ್ದಳು. ಎಲ್ಲರೂ ಯಜಮಾನರೆಂದೇ ಕರೆಯುತ್ತಿದ್ದ, ತೀರಿಹೋದ ಗಿಟಾರ್ ವಾದಕರ ಗೌರವಕ್ಕೆಂದು ಅವಳು ಮಾಡುತ್ತಿದ್ದ ಆಲ್ಬಮ್ಮಿನ ಕೊನೆಯ ಟ್ಯೂನು ಇದು. ಕವರಿನ ಮೇಲೆ ಯಜಮಾನರ ಫೋಟೋ ಬೇಡ, ಮುಚ್ಚಿದ ಬಾಗಿಲಿನ ಚಿತ್ರ ಸಾಕು ಅಂದಿದ್ದಳಂತೆ. ಇರಲಿ, ಕಲಾವಿದರ ಹುಚ್ಚು ಒಂದೆರಡೇ?

ಯಜಮಾನರು ಯಾರೆಂದು ಜಾಝ್ ಕೇಳುವವರಿಗೆ ಹೇಳಬೇಕಾಗಿಲ್ಲ. ನಲವತ್ತು ವರ್ಷದ ಹಿಂದೆ ಈ ಕೋಣೆಯಲ್ಲಿ ಒಬ್ಬರೇ ಕೂತು ಅವರು ನುಡಿಸಿದ ಈ ಟ್ಯೂನಿನ ನಟ್ಟನಡುವೆ ನಾಲ್ಕು ಎಣಿಕೆ ಏನೂ ಇಲ್ಲ. ಬರೀ ಮೌನ. ಆಮೇಲೆ ಏನೂ ಆಗಿಲ್ಲವೆಂಬಂತೆ ಗಿಟಾರ್ ಮುಂದುವರಿಯುತ್ತದೆ. ಆ ಮೌನವನ್ನು ಜನ ತಲೆಯ ಮೇಲೆ ಹೊತ್ತು ಕುಣಿದರು. ಗಿಟಾರ್ ಕಲಿಯುವವರು ಕಾಲಲ್ಲಿ ತಾಳ ಹಾಕಿ ಅದನ್ನೂ ಕಲಿತರು. ಸುಮ್ಮನಿರುವುದಕ್ಕೂ ಒಂದು ಅಭ್ಯಾಸ! ಯಜಮಾನರ ಹೆಂಡತಿ ಅದೇ ವರ್ಷ ತೀರಿಕೊಂಡದ್ದರಿಂದ, ಮೌನ ಅವಳಿಗಾಗಿಯೇ ಇಟ್ಟದ್ದು ಎಂದು ಪುಸ್ತಕಗಳಲ್ಲೂ ಬಂತು. ಅವಳು ಸತ್ತದ್ದು ಯಾವ ದಿನ ಎಂದು ಯಾರೂ ಕೇಳಲಿಲ್ಲ. ಟೇಪಜ್ಜನೂ ಕೇಳಲಿಲ್ಲ.

“ಯಾಕಮ್ಮ, ಕೈ ನೋಯ್ತಿದ್ಯಾ?” ಅಜ್ಜ ಮೈಕಿನಲ್ಲಿ ಕೇಳಿದ.

“ಕೈಗೇನಾಗಿದೆ? ಅಲ್ಲಿ ಸುಮ್ಮನಿರೋಕೆ ಆಗ್ತಿಲ್ಲ ಅಜ್ಜ.”

ನೀರು ಕುಡಿಯಲು ಎದ್ದು ಬಂದಳು. ಸದ್ದು ಒಳಗೆ ಬಾರದಿರಲೆಂದು ಆ ಕೋಣೆಗೆ ಎರಡು ಬಾಗಿಲು, ನಡುವೆ ಒಬ್ಬರು ನಿಲ್ಲುವಷ್ಟು ಇಕ್ಕಟ್ಟು. ಅಲ್ಲೇ ನಿಂತುಬಿಟ್ಟಳು. ಒಳಬಾಗಿಲ ಹಿಡಿಯನ್ನು ಮುಟ್ಟಿ ನೋಡಿದಳು.

“ಇದು ಇಷ್ಟು ಕೆಳಗಿತ್ತಾ?”

“ಕಟ್ಟಿದಾಗಿಂದ ಅಲ್ಲೇ ಇದೆಯಲ್ಲಮ್ಮ,” ಎಂದ ಅಜ್ಜ. ನೀರಿನ ಲೋಟ ಕೊಡುತ್ತಾ, “ನಿನಗೆ ಗಿಟಾರ್ ಹೇಳಿಕೊಟ್ಟೋರು ಯಾರು?” ಎಂದು ಕೇಳಿದ.

“ಯಾರೂ ಇಲ್ಲ. ಸೋದರಮಾವ ಸಾಕಿದ್ದು. ಯಜಮಾನರ ರೆಕಾರ್ಡ್ ಕಂಡ್ರೆ ಉರಿದು ಬೀಳ್ತಿದ್ರು. ಕದ್ದು ಕೇಳಿ ಕಲಿತೆ.” ಲೋಟ ಹಿಡಿದೇ ಕೇಳಿದಳು. “ಅಜ್ಜ, ನೀವು ಅವತ್ತು ಇಲ್ಲೇ ಕೂತಿದ್ರಲ್ಲ. ಅವರು ಅಲ್ಲಿ ಯಾಕೆ ನಿಲ್ಲಿಸಿದ್ರು?”

ನಲವತ್ತು ವರ್ಷದಿಂದ ಪತ್ರಿಕೆಯವರು ಇದನ್ನೇ ಕೇಳಿದ್ದರು. ಆಗೆಲ್ಲ ಹೆಗಲು ಕುಣಿಸಿ ಜಾರಿಕೊಂಡಿದ್ದ. ಆದರೆ ಈ ಹೆಣ್ಣುಮಗಳು ಟ್ಯೂನು ಮುಗಿಸಲಾಗದೆ ಒದ್ದಾಡುತ್ತಿದ್ದಳು. ಅರ್ಧ ಸತ್ಯವನ್ನಾದರೂ ಹೇಳೋಣ ಅನ್ನಿಸಿತು.

“ಅವರು ನಿಲ್ಲಿಸ್ಲೇ ಇಲ್ಲ ಕಣಮ್ಮ. ನುಡಿಸ್ತಾನೇ ಇದ್ರು. ನಾನೇ ಬ್ಲೇಡಲ್ಲಿ ಆ ತುಂಡು ಕತ್ತರಿಸಿ, ಅಷ್ಟೇ ಉದ್ದದ ಖಾಲಿ ಟೇಪು ಅಂಟಿಸಿದೆ.”

ಅವಳಿಗೆ ಆಶ್ಚರ್ಯವೇ ಆಗಲಿಲ್ಲ. “ಏನಿತ್ತು ಆ ತುಂಡಲ್ಲಿ?”

“ಲಾರಿ. ಬೀದೀಲಿ ಯಾವನೋ ಹಾರನ್ ಹೊಡೆದ.”

“ಲಾರಿ,” ಎಂದಳು ಅವಳು. “ಯಜಮಾನರಿಗೂ ಕೇಳಿಸ್ತಾ?”

“ಕೇಳಿಸ್ತು. ಒಂದ್ಸಲ ತಲೆ ಎತ್ತಿದ್ರು.”

“ಆಮೇಲೆ?”

“ನುಡಿಸಿದ್ರು.”

ಅವಳು ನೀರನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು. “ಸರಿ ಅಜ್ಜ. ಈಗ ಆಗುತ್ತೆ. ಯಂತ್ರ ಹಾಕಿ.”

ಲಾರಿಯೂ ಇಲ್ಲ, ಹಾರನ್ನೂ ಇಲ್ಲ. ಅವತ್ತು ಆ ಎರಡು ಬಾಗಿಲ ನಡುವೆ ಒಂದು ಮಗು ನಿಂತು ಕೂಗಿತ್ತು. ಒಳಬಾಗಿಲು ಸರಿಯಾಗಿ ಕೂತಿರಲಿಲ್ಲ, ಮೈಕಿಗೆ ಎಲ್ಲವೂ ಬಿತ್ತು. ಕೆಂಪು ದೀಪ ಉರಿಯುವಾಗ ಬಾಗಿಲು ತೆಗೆಯಕೂಡದು. ಈ ಕಸುಬಿನಲ್ಲಿ ಅಜ್ಜ ಕಲಿತ ಮೊದಲ ಪಾಠವೇ ಅದು. ತೆಗೆಯಲಿಲ್ಲ. ಟ್ಯೂನು ಮುಗಿದ ಮೇಲೆ ಯಜಮಾನರು, “ಆ ಸದ್ದು ಕತ್ತರಿಸು, ಇಂಥದ್ದು ಇನ್ನೊಂದ್ಸಲ ಬರಲ್ಲ,” ಎಂದರು. ಅಜ್ಜ ಹೊರಗೆ ಓಡಿ ನೋಡಿದಾಗ ಓಣಿ ಖಾಲಿ.

ಕತ್ತರಿಸಿದ ತುಂಡನ್ನು ಅಂದೇ ಸುಟ್ಟ. ಮಗು ಕೂಗಿದ ಐದು ಪದಗಳನ್ನು ಮಾತ್ರ ಸುಡಲಾಗಲಿಲ್ಲ. ಕಟ್ಟಿಕೊಂಡ ಹೆಂಡತಿಯ ಮುಂದೂ ಅವನ್ನು ಬಾಯಿಬಿಟ್ಟಿರಲಿಲ್ಲ, ಅಷ್ಟು ನಾಚಿಕೆ. ಆ ರೆಕಾರ್ಡು ಎಲ್ಲಿ ಹಾಕಲಿ, ಖಾಲಿ ಜಾಗ ಬಂದ ಕೂಡಲೇ ಅವನ ಕಿವಿಯಲ್ಲಿ ಆ ಕೂಗು ಏಳುತ್ತಿತ್ತು. ಆಗೆಲ್ಲ ಸದ್ದು ಅಳೆಯುವ ಮೀಟರಿನ ಮುಳ್ಳನ್ನು ನೋಡುತ್ತಿದ್ದ. ಮುಳ್ಳು ಅಲ್ಲಾಡದೆ ಮಲಗಿರುತ್ತಿತ್ತು. ಸದ್ಯ, ಇದು ನನ್ನ ತಲೆಯೊಳಗಿನದು ಎಂದು ಉಸಿರು ಬಿಡುತ್ತಿದ್ದ. ಆ ಐದು ಪದ ತನ್ನ ಜೊತೆಯೇ ಮಣ್ಣಾಗಲಿ ಎಂಬುದೊಂದೇ ಈಗ ಅವನ ಆಸೆ.

ಕೆಂಪು ದೀಪ ಹತ್ತಿತು. ಟೇಪು ತಿರುಗಿತು. ಅವಳು ನುಡಿಸತೊಡಗಿದಳು.

ಅಬ್ಬಾ, ಏನು ನುಡಿಸಿದಳು! ಯಜಮಾನರೇ ಎದ್ದು ಬಂದು ಕೂತರೋ ಎನ್ನುವ ಹಾಗೆ. ಅದೇ ಬೆರಳ ಒತ್ತು, ಅದೇ ಎಳೆತ. ಅಜ್ಜನ ಮೈಮೇಲೆ ಮುಳ್ಳೆದ್ದಿತು. ಸುಳ್ಳು ಹೇಳಿದ್ದೇ ಒಳ್ಳೆಯದಾಯಿತು, ಇವಳ ಭಯ ಬಿಟ್ಟಿತು ಅಂದುಕೊಂಡ.

ಆ ಜಾಗ ಬಂತು. ಅವಳು ತಂತಿಗಳ ಮೇಲೆ ಅಂಗೈ ಊರಿದಳು. ಗಿಟಾರ್ ನಿಂತಿತು. ಅಜ್ಜ ರೂಢಿಯಂತೆ ಮೀಟರಿನತ್ತ ಕಣ್ಣು ನೆಟ್ಟ. ಕಿವಿಯಲ್ಲಿ ಆ ಐದು ಪದ ಬಂದವು.

ಮುಳ್ಳು ಹಾರಿತು.

ತಲೆ ಎತ್ತಿದ. ಗಾಜಿನಾಚೆ ಅವಳು ಮೈಕಿನ ಹತ್ತಿರ ಬಾಗಿ, ಅವನನ್ನೇ ನೋಡುತ್ತಾ ಹೇಳುತ್ತಿದ್ದಳು:

“ಅಪ್ಪಾ, ಬಾಗಿಲು ತೆಗಿ. ಅಮ್ಮ ಏಳ್ತಿಲ್ಲ.”