ಹೀಲಿಹೈ

ಉಪ್ಪಿಗಿಂತ ರುಚಿಯಿಲ್ಲ, ಗೆಳೆಯನಿಗಿಂತ ಹಗೆಯಿಲ್ಲ. ಗಾದೆ ಹೀಗಲ್ಲ ಎನ್ನುವವರು ಗ್ವಾಲ್ತಿಯೇರೋ ಎಂಬ ಗೆಳೆಯನ ಜೊತೆ ಒಂದೇ ಕಾರಿನಲ್ಲಿ ಒಂಬತ್ತು ದಿನ ಸುತ್ತಿ ಬಂದು ಆಮೇಲೆ ತಿದ್ದಲಿ. ಇದು ನಿಜವಾಗಿ ನಡೆದದ್ದು. ಸುಳ್ಳಾದರೆ ಜನ್ಮಪೂರ್ತಿ ನನಗೆ ಸಿಯೆನಾ ಸೀಮೆಯ ಉಪ್ಪಿಲ್ಲದ ಸಪ್ಪೆ ಬ್ರೆಡ್ಡೇ ಗತಿಯಾಗಲಿ.

ಒಂಬತ್ತನೆಯ ದಿನದ ಬೆಳಗ್ಗೆ, ತೋಟದ ಮನೆಯೊಂದರಲ್ಲಿ, ಚಿತ್ರಕಲೆಯ ನಿವೃತ್ತ ಟೀಚರು ಒತ್ತಾವಿಯಾ ಗೋಡೆಯ ಫೋನನ್ನೇ ನೋಡುತ್ತ ಕೂತಿದ್ದಳು. ಜಿನೋವಾದ ಮೂವರು ಹಳೆಯ ಗೆಳೆಯರ ಈ ಪ್ರವಾಸ ಹನ್ನೊಂದು ವರ್ಷದ ಕನಸು. ಒಂದು ವರ್ಷ ಒಬ್ಬರ ಮಂಡಿ, ಮರುವರ್ಷ ಇನ್ನೊಬ್ಬರ ಮಗಳ ಮದುವೆ ಅಡ್ಡ ಬಂದಿತ್ತು. ಈಗ ಲುಕ್ಕಾದ ಕೋಟೆಗೋಡೆಯ ಮೇಲೆ ಸೈಕಲ್ ಹೊಡೆದಾಗಿತ್ತು, ಸಿಯೆನಾದ ಇಳಿಜಾರು ಚೌಕದಲ್ಲಿ ಅಂಗಾತ ಮಲಗಿ ಗೋಪುರ ನೋಡಿದ್ದೂ ಆಗಿತ್ತು. ಆದರೆ ಒತ್ತಾವಿಯಾಳ ನೋಟ್‌ಬುಕ್ಕಿನಲ್ಲಿ ನಕ್ಷತ್ರ ಬಿದ್ದದ್ದು ಒಂದಕ್ಕೇ: ಗುಡ್ಡದ ಮೇಲಿನ ಪುಟ್ಟ ಚರ್ಚಿನ ಗೋಡೆಗೆ ಬರೆದ ಯೇಸುವಿನ ಕೊನೆಯ ಭೋಜನದ ಚಿತ್ರ. ಮೂವತ್ತೈದು ವರ್ಷ ಒಂದು ಮಸುಕು ಕಪ್ಪುಬಿಳುಪು ಫೋಟೋ ಹಿಡಿದು, "ಗುರುವನ್ನೇ ಹಿಡಿದುಕೊಟ್ಟ ಜೂದಾಸನ ಮೊಣಕೈ ತಾಗಿ ಉಪ್ಪು ಚೆಲ್ಲಿದೆ ನೋಡಿ ಮಕ್ಕಳೇ, ದ್ರೋಹದ ಮೊದಲ ಸಾಕ್ಷಿ ಆ ಉಪ್ಪು!" ಎಂದು ಪಾಠ ಹೇಳಿದ್ದಳು. ಕಣ್ಣಾರೆ ಕಂಡಿರಲಿಲ್ಲ. ಕೀಲಿಕೈ ಇದ್ದದ್ದು ಫಾದರ್ ಸೀರ್ಯೋ ಒಬ್ಬರ ಬಳಿ. ಬೆಳಗ್ಗೆ ಫೋನ್ ಮಾಡುತ್ತೇನೆಂದಿದ್ದರು. ಮಧ್ಯಾಹ್ನ ಇವರು ಊರಿಗೆ ವಾಪಸ್ಸು.

ಫೋನು ಬಡಿದುಕೊಂಡಿತು.

"ಟೀಚರಮ್ಮಾ, ನಾನು ಫಾದರ್. ಹೇಳಿಸ್ತಾ ಇದೆಯಾ?"

ಆ ಸೀಮೆಯವರ ಗಂಟಲಲ್ಲಿ 'ಕ' ನಿಲ್ಲುವುದಿಲ್ಲ, ಕರಗಿ 'ಹ' ಆಗುತ್ತದೆ. ಕಾಫಿ ಹಾಫಿ, ಕತ್ತೆ ಹತ್ತೆ.

"ಕೇಳಿಸ್ತಾ ಇದೆ ಫಾದರ್!"

"ಹೀಲಿಹೈ ಬೇಹು ಅಂದ್ರೆ ಉತ್ತರ ಹೊಡ್ಬೇಹು. ಜೂದಾಸನ ಮುಂದೆ ಏನಿದೆ?"

ಒತ್ತಾವಿಯಾ ಎದ್ದು ನಿಂತಳು. ಕೈ ತಾನಾಗಿ ಬೆನ್ನ ಹಿಂದೆ ಹೋಯಿತು. "ಚೆಲ್ಲಿದ ಉಪ್ಪು, ಫಾದರ್."

"ಹಣ್ಣಾರೆ ಹಂಡಿದ್ದೀರಾ?"

"ಇ... ಇಲ್ಲ ಫಾದರ್. ಫೋಟೋದಲ್ಲಿ..."

"ಹಾಗಾದ್ರೆ ಬೆಂಚಿನ ಮೇಲೆ ನಿಂತ್ಹೊಳ್ಳಿ!"

ಒಂದು ಕಾಲು ಕುರ್ಚಿಯ ಮೇಲೆ ಇಟ್ಟೂ ಇದ್ದಳು. ಆಗ ಎದುರಿಗಿದ್ದ ಗೆಳತಿ ದೆಲ್ಫೀನಾಳ ಮೂಗಿನಿಂದ ಕಾಫಿ ಚಿಮ್ಮಿತು. ಕಿಟಕಿಯಾಚೆ ಅಂಜೂರದ ಮರದ ಕೆಳಗೆ, ಯಾರ ದನಿಯನ್ನಾದರೂ ಅಣಕಿಸಬಲ್ಲ ಗ್ವಾಲ್ತಿಯೇರೋ ಮೊಬೈಲು ಹಿಡಿದು, ಹೊಟ್ಟೆ ಹುಣ್ಣಾಗುವಂತೆ ನಗುತ್ತ ಕುಸಿದಿದ್ದ.

"ಕೋತಿ! ಎಪ್ಪತ್ತಾದ್ರೂ ಬುದ್ಧಿ ಬರ್ಲಿಲ್ಲ ನಿಂಗೆ!"

"ಬಂದಿತ್ತು ಕಣೇ, ಯಾರದ್ದೋ ದನೀಲಿ ಬಂತು. ನಾನೇ ವಾಪಸ್ ಕಳಿಸ್ದೆ," ಎನ್ನುತ್ತ ಅವನು ಒಳಗೆ ಬಂದು ಬ್ರೆಡ್ಡಿಗೆ ಕೈ ಹಾಕಿದ.

ಎರಡು ನಿಮಿಷವೂ ಆಗಿಲ್ಲ, ಮತ್ತೆ ಫೋನು.

"ಟೀಚರಮ್ಮಾ, ಫಾದರ್ ಸೀರ್ಯೋ. ಹನ್ನೊಂದು ಗಂಟೆಗೆ ಬೇರೆ ಊರಿಗೆ ಹೋಗ್ಬೇಹು. ಈಗ್ಲೇ ಬಂದ್ರೆ ಹೀಲಿಹೈ ಹೊಡ್ತೀನಿ."

"ಹೊಡೀತೀಯಾ? ಹೊಡಿ ನೋಡೋಣ! ನಿನ್ನ ಹಲ್ಲು ಉದುರಿಸಿ ಈ ಸಪ್ಪೆ ಬ್ರೆಡ್ಡಿಗೆ ಉಪ್ಪಿನ ಬದಲು ಹಾಕ್ತೀನಿ, ಕೋತಿ!"

ಗೆದ್ದ ನಗೆ ಬೀರಿ ತಿರುಗಿದಳು. ಮೇಜಿನ ಎದುರು, ಎರಡೂ ಕೆನ್ನೆ ಉಬ್ಬುವಷ್ಟು ಬ್ರೆಡ್ಡು ತುಂಬಿಕೊಂಡ ಗ್ವಾಲ್ತಿಯೇರೋ, ನಾನಲ್ಲ, ನಾನಲ್ಲ ಎಂದು ತಲೆಯಾಡಿಸುತ್ತಿದ್ದ. ಫೋನಿನಲ್ಲಿ ಒಂದು ಉಸಿರು ಕೇಳಿಸಿತು. ಆಮೇಲೆ ಕಟ್ಟಾಯಿತು.

ಸೈಪ್ರೆಸ್ ಮರಗಳ ಸಾಲಿನ ನಡುವೆ ದೆಲ್ಫೀನಾ ಧೂಳೆಬ್ಬಿಸಿಕೊಂಡು ಕಾರು ಓಡಿಸಿದಳು. ಒತ್ತಾವಿಯಾ ನೋಟ್‌ಬುಕ್ಕನ್ನು ಎದೆಗೊತ್ತಿಕೊಂಡು ಕೂತಿದ್ದಳು.

"ತಪ್ಪಾಯ್ತು ಕಣೇ," ಎಂದ ಗ್ವಾಲ್ತಿಯೇರೋ. "ನಾನೇ ಅವ್ರ ಕಾಲು ಹಿಡೀತೀನಿ."

"ನಿನ್ನ ಸ್ವಂತ ದನೀಲಿ ಕೇಳ್ಕೋ."

"ಅದು ಯಾವ್ದು ಅಂತ್ಲೇ ಮರ್ತು ಹೋಗಿದೆ."

ಯಾರೂ ನಗಲಿಲ್ಲ.

ಚರ್ಚಿನ ಬಾಗಿಲಲ್ಲಿ ಗೇಣುದ್ದದ ಕೀಲಿಕೈ ಹಿಡಿದು ಸಣಕಲು ಮುದುಕರೊಬ್ಬರು ನಿಂತಿದ್ದರು. "ನನ್ನ ಹಲ್ಲು ಉದುರಿಸೋರು ಯಾರಮ್ಮ?" ಎಂದು ಬಾಯಿ ಅಗಲಿಸಿ ತೋರಿಸಿದರು. ಒಳಗೆ ಒಂದೂ ಇರಲಿಲ್ಲ. ಬೀಗ ತೆರೆದರು.

ಬಿಸಿಲು ಇವರಿಗಿಂತ ಮುಂಚೆ ಒಳಗೆ ಹೋಯಿತು. ಗೋಡೆಯುದ್ದಕ್ಕೂ ಹದಿಮೂರು ಜನ ಊಟಕ್ಕೆ ಕೂತಿದ್ದರು. ಫೋಟೋದಲ್ಲಿ ಬರೀ ಬೂದಿಯಾಗಿದ್ದ ಅಂಗಿಗಳು ಇಲ್ಲಿ ಮಾಗಿದ ದ್ರಾಕ್ಷಿಯ ಬಣ್ಣ, ಸಂಜೆಯ ಸಮುದ್ರದ ಬಣ್ಣ. ಬ್ರೆಡ್ಡನ್ನು ಆಗಷ್ಟೇ ಒಲೆಯಿಂದ ತೆಗೆದ ಹಾಗಿತ್ತು. ಗ್ವಾಲ್ತಿಯೇರೋ ಕೂಡ ಟೋಪಿ ತೆಗೆದು ನಿಂತ. ಒತ್ತಾವಿಯಾ ಕಣ್ಣೊರೆಸಿಕೊಂಡು ಜೂದಾಸನ ಹತ್ತಿರ ಹೋದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಫಾದರ್... ಇದು ಉಪ್ಪಲ್ವಾ?"

"ಉಪ್ಪಾ? ನಮ್ಮೂರ ಊಟದಲ್ಲಿ ಉಪ್ಪೆಲ್ಲಿ ಬಂತು, ಟೀಚರಮ್ಮ! ಬರೆದೋನೂ ಈ ಊರೋನೇ. ಅದು ಬೆಕ್ಕು."

ಆ ಒಂದು ಪದದಲ್ಲಿ ಮಾತ್ರ ಫಾದರ್ ಬಾಯಿಂದ 'ಕ' ಪೂರ್ತಿಯಾಗಿ, ಒತ್ತಿನ ಸಮೇತ ಬಂತು. ನಿಜಕ್ಕೂ ಬಿಳಿ ಮರಿಬೆಕ್ಕು. ನೋಡುವವರಿಗೆ ಬೆನ್ನು ತಿರುಗಿಸಿ, ಜೂದಾಸನ ಮೀನನ್ನು ಕದ್ದು ತಿನ್ನುತ್ತಿತ್ತು.

ಗೆಳೆಯರಿಬ್ಬರೂ ಅವಳ ಮುಖ ನೋಡಿದರು.

"ನನ್ನ ಕ್ಲಾಸಲ್ಲಿ ಲೂಚಿಲ್ಲಾ ಅಂತ ಒಬ್ಳು ಹುಡುಗಿ," ಎಂದಳು ಒತ್ತಾವಿಯಾ ನಿಧಾನವಾಗಿ. "ಪರೀಕ್ಷೇಲಿ 'ಬೆಕ್ಕು' ಅಂತ ಬರ್ದಿದ್ಲು. ಸೊನ್ನೆ ಕೊಟ್ಟು ಬೆಂಚಿನ ಮೇಲೆ ನಿಲ್ಸಿದ್ದೆ."

ಚರ್ಚಿನ ಬೆಂಚೊಂದನ್ನು ಗೋಡೆಯ ಬಳಿಗೆ ದರದರ ಎಳೆದಳು. ಗ್ವಾಲ್ತಿಯೇರೋನ ಹೆಗಲು ಹಿಡಿದು ಅದರ ಮೇಲೆ ಹತ್ತಿ ನಿಂತಳು. ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬೆಕ್ಕಿನ ಬೆನ್ನಿಗೆ ಮುಖ ಕೊಟ್ಟು ನಗತೊಡಗಿದಳು. ಫಾದರ್ ನಕ್ಕರು, ದೆಲ್ಫೀನಾ ನಕ್ಕಳು, ಗ್ವಾಲ್ತಿಯೇರೋ ಮೊದಲ ಬಾರಿಗೆ ತನ್ನದೇ ದನಿಯಲ್ಲಿ ನಕ್ಕ. ಮೂವರೂ ಸೇರಿದರೂ ಬೆಂಚಿನ ಮೇಲೆ ನಿಂತವಳ ನಗೆಯನ್ನು ಮುಟ್ಟಲಾಗಲಿಲ್ಲ.