ಅಪ್ಪನ ಒಂದು ಹೂಂ

"ಹೂ ಕೊಟ್ಟವನು ಯಾರು?"

ಹೊಸಿಲು ದಾಟಿ ಒಂದು ಹೆಜ್ಜೆ ಇಟ್ಟಿರಲಿಲ್ಲ, ಅಪ್ಪನ ವಿಚಾರಣೆ ಶುರುವಾಯಿತು. ಅವಳು ಕೈಯಲ್ಲಿದ್ದ ಹೂಗುಚ್ಛವನ್ನು ನೋಡಿಕೊಂಡಳು. ಬಸ್ಸಿನ ನೂಕುನುಗ್ಗಲಿನಲ್ಲಿ ಅದರ ಅರ್ಧ ಜೀವ ಹೋಗಿತ್ತು. ಅವಳದ್ದೂ ಹೆಚ್ಚುಕಡಿಮೆ ಅಷ್ಟೇ.

"ಕೊಟ್ಟವನು ಅಂತ ಯಾರೂ ಇಲ್ಲಪ್ಪ. ಯೂನಿವರ್ಸಿಟಿಯವರು ಕೊಟ್ರು."

"ಇನ್ನೂ ಸೇರೇ ಇಲ್ಲ, ಆಗಲೇ ಹೂವಾ?"

ಬೀಗ ರಿಪೇರಿ ಮಾಡುವವನ ಕಣ್ಣು. ಎಲ್ಲಿ ಸಿಕ್ಕಿಕೊಂಡಿದೆಯೆಂದು ಒಂದೇ ನೋಟಕ್ಕೆ ಹಿಡಿದುಬಿಡುತ್ತದೆ. ಅವಳು ಹೂಗುಚ್ಛವನ್ನು ಪುಟ್ಟಿಯ ಕೈಗೆ ದಾಟಿಸಿದಳು. ಮನೆಗೆ ಚಿಕ್ಕವಳು ಪುಟ್ಟಿ. ಬುದ್ಧಿ ಹೇಳುವುದರಲ್ಲಿ ಮಾತ್ರ ಎಲ್ಲರಿಗಿಂತ ದೊಡ್ಡವಳು.

"ಇವತ್ತೊಂದಿನ ಬಿಟ್ಬಿಡು. ಕೈಕಾಲು ತೊಳ್ಕೊಂಡು ಮಲಕ್ಕೋ," ಎಂದು ಪಿಸುಗುಟ್ಟಿ ಪುಟ್ಟಿ ಅಡುಗೆಮನೆಗೆ ನಡೆದಳು.

ಆದರೆ ಅವಳಿಗೆ ಇವತ್ತೇ ಬೇಕಿತ್ತು. ಅಪ್ಪನ ಬಾಯಿಂದ ಒಂದು ಹೂಂ. ಹೋಗು, ಓದು ಎಂಬ ಒಂದು ಹೂಂ. ಸಂಜೆಯಾದರೆ ಇವಳು ಕೇಳುವುದು, ಅಪ್ಪ ಬೇಡವೆನ್ನುವುದು, ಮರುದಿನ ಮತ್ತೆ ಮೊದಲಿನಿಂದ ಶುರು. ನಿನ್ನೆ ಆಡಿದ ಮಾತು ಅಪ್ಪನಿಗೆ ಇಂದು ನೆನಪಿರುವುದಿಲ್ಲ. ತಮಗೆ ಬೇಡದ್ದನ್ನು ಮರೆಯುವುದರಲ್ಲಿ ಅಪ್ಪಂದಿರು ಮೊದಲಿನಿಂದಲೂ ಗಟ್ಟಿಗರು. ಹೇಳದೆ ಕೇಳದೆ ಹೊರಟುಬಿಡಬಹುದಿತ್ತು. ಬೀಗದವನ ಮಗಳಿಗೆ ಒಂದು ಬಾಗಿಲು ತೆಗೆಯುವುದು ಯಾವ ಮಹಾ ಕೆಲಸ? ಆದರೆ ಹಾಗೆ ಹೋದವರು ಊರೆಲ್ಲ ಹೊಗಳಿದರೂ ಒಳಗೊಳಗೇ ಕೊರಗುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನೋಯುವ ಮೊಣಕಾಲು ಮಡಿಸಿ ಅಪ್ಪನ ಎದುರಿನ ಸ್ಟೂಲಿನ ಮೇಲೆ ಕುಳಿತಳು. ಮೇಜಿನ ಮೇಲೆ ಅರ, ಸಣ್ಣ ಸ್ಪ್ರಿಂಗುಗಳು, ಎಣ್ಣೆಯ ಡಬ್ಬಿ. ಅಪ್ಪ ಎಂದಿನ ಆ ತುಕ್ಕು ಹಿಡಿದ ಬೀಗವನ್ನೇ ಬಿಚ್ಚಿಕೊಂಡು ಕೂತಿದ್ದ.

"ಇಲ್ಲೇ ಬೀದಿ ಕೊನೇಲಿ ಕಾಲೇಜಿದೆಯಲ್ಲ, ಅದಕ್ಕೇನಾಗಿದೆ ಧಾಡಿ?"

"ಅದು ಮುಚ್ಚಿಹೋಯ್ತಪ್ಪ. ಈಗಲ್ಲಿ ಸೋಫಾ ಮಾರ್ತಾರೆ."

"ಸುಳ್ಳು! ಹೋಗ್ಲಿ, ಆ ನಿನ್ನ ಯೂನಿವರ್ಸಿಟೀಲಿ ಹುಡುಗೀರ ಹಾಸ್ಟೆಲ್ ಗೇಟಿಗೆ ಬೀಗ ಹಾಕ್ತಾರಾ?"

"ಹಾಕ್ತಾರೆ. ಹಳೇ ಬೀಗ. ಒಂದ್ಸಲ ತಿರುಗಿಸಿ, ಸ್ವಲ್ಪ ಎಳ್ಕೊಂಡು, ಮತ್ತೆ ತಿರುಗಿಸ್ಬೇಕು."

"ನಿಂಗೆ ಹೇಗೆ ಗೊತ್ತು?"

"ನಿನ್ನ ಮಗಳಲ್ವಾ? ಬೀಗ ಕಂಡ್ರೆ ಸುಮ್ನೆ ಬರ್ತೀನಾ?"

ಅಪ್ಪನ ತುಟಿಯಂಚಿನಲ್ಲಿ ನಗು ಬಂದಂತಾಯಿತು. ಅದನ್ನು ಅಲ್ಲಿಗೇ ಅದುಮಿಕೊಂಡ.

"ನಿಮ್ಮಮ್ಮ ಒಪ್ಪಲ್ಲ."

"ಅಮ್ಮ ಒಪ್ಪಿದ್ಲಪ್ಪ."

"ಯಾವಾಗ?"

"ಆವಾಗಲೇ."

ಅಪ್ಪ ಅಡುಗೆಮನೆಯ ಕಡೆ ಕಿವಿಗೊಟ್ಟ. ಒಳಗೆ ಪಾತ್ರೆಯ ಸದ್ದಾಯಿತು. ನಂಬಿದ.

"ಗಣಿತ ಓದಿ ಏನ್ ಮಾಡ್ತೀಯಾ?"

"ಪಾಠ ಹೇಳ್ತೀನಿ."

"ಯಾರು ಕೇಳ್ತಾರೆ?"

"ಮುಂದಿನ ಬೆಂಚಿನವರು ಕೇಳ್ತಾರೆ. ಹಿಂದಿನವರು ನಿದ್ದೆ ಮಾಡ್ತಾರೆ."

"ಬೇಡ," ಎಂದ ಅಪ್ಪ. ಅಲ್ಲಿಗೆ ಮುಗಿಯಿತು.

ಬೇರೆ ದಿನವಾಗಿದ್ದರೆ ಅವಳು ಬಿಡುತ್ತಿರಲಿಲ್ಲ. ವಾದ ಮಾಡುತ್ತಿದ್ದಳು, ಗೋಗರೆಯುತ್ತಿದ್ದಳು, ಒಮ್ಮೊಮ್ಮೆ ರೇಗಿಯೂ ಬಿಡುತ್ತಿದ್ದಳು. ಇಂದು ಅದಾವುದಕ್ಕೂ ತ್ರಾಣವಿರಲಿಲ್ಲ. ಹೆಗಲು ಕೊರೆಯುತ್ತಿದ್ದ ಪುಸ್ತಕದ ಚೀಲವನ್ನು ನೆಲಕ್ಕೆ ಇಳಿಸಿದಳು.

"ಆಯ್ತಪ್ಪ. ಬೇಡ ಅಂದ್ರೆ ಬೇಡ. ನಾಳೆಯಿಂದ ಎಲ್ಲೂ ಹೋಗಲ್ಲ. ಮನೇಲೇ ಇರ್ತೀನಿ."

ಅಪ್ಪನ ಕೈ ನಿಂತಿತು. ಹಗ್ಗ ಜಗ್ಗುವಾಗ ಎದುರಿನವರು ತಟ್ಟನೆ ಕೈಬಿಟ್ಟಂತಾಗಿತ್ತು ಅವನಿಗೆ. ಕನ್ನಡಕ ಮೇಲೇರಿಸಿ, ಬಹಳ ದಿನಗಳ ನಂತರ ಎಂಬಂತೆ ಮಗಳ ಮುಖವನ್ನು ದಿಟ್ಟಿಸಿದ. ನೋಡುತ್ತಾ ನೋಡುತ್ತಾ ಗಾಬರಿಯಾದ.

"ಇದೇನೇ, ಇಷ್ಟೊಂದು ಸೊರಗಿಬಿಟ್ಟಿದ್ದೀಯಾ? ನಾನು ಬೇಡ ಬೇಡ ಅಂದಿದ್ದಕ್ಕೇ ಹಿಂಗಾದ್ಯಾ?"

"ಇಲ್ಲಪ್ಪ. ಸುಸ್ತು, ಅಷ್ಟೇ."

"ಇಲ್ಲ, ನಾನೇ ಮಾಡಿದ್ದು." ಅಪ್ಪ ಅರವನ್ನು ಮೇಜಿನ ಮೇಲಿಟ್ಟ. "ಓದಬೇಡ ಅಂತಲ್ಲ ಕಣೇ. ಹೋದ್ರೆ ವಾಪಸ್ ಬರ್ತೀಯೋ ಇಲ್ವೋ ಅಂತ ಹೆದರಿಕೆ."

"ಬರ್ತೀನಪ್ಪ. ಬಂದೇ ಬರ್ತೀನಿ."

ಅಪ್ಪ ಮತ್ತೆ ಬೀಗಕ್ಕೆ ತಲೆ ಬಗ್ಗಿಸಿದ. ಸ್ಪ್ರಿಂಗು ಕೂರಿಸಿ, ಮುಚ್ಚಳ ಬಿಗಿದು, ಒಂದು ತೊಟ್ಟು ಎಣ್ಣೆ ಬಿಟ್ಟು ಕೀಲಿಕೈ ತಿರುಗಿಸಿದ. ಎಷ್ಟೋ ಸಂಜೆಗಳಿಂದ ಮೊಂಡು ಹಿಡಿದಿದ್ದ ಬೀಗ ಕಟಕ್ಕೆಂದು ತೆರೆದುಕೊಂಡಿತು. ಬೀಗ, ಕೀಲಿಕೈ ಎರಡನ್ನೂ ಮಗಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದ.

"ಹೂಂ. ಹೋಗು. ಅಲ್ಲಿ ನಿಂಗೊಂದು ರೂಮು ಕೊಡ್ತಾರೆ. ಅವರ ಬೀಗ ನಂಬ್ಬೇಡ, ಇದನ್ನ ಹಾಕ್ಕೋ."

ಅವಳಿಗೆ ಅಳು ತಡೆಯಲಾಗಲಿಲ್ಲ. ತಡೆಯಬೇಕೆಂದೂ ಅನ್ನಿಸಲಿಲ್ಲ. ಅಪ್ಪನ ಎಣ್ಣೆಗೈಯನ್ನು ಕೆನ್ನೆಗೊತ್ತಿಕೊಂಡು ಬಿಕ್ಕಿದಳು. ಸದ್ದು ಕೇಳಿ ಪುಟ್ಟಿ ಒದ್ದೆ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತಳು.

"ಅಮ್ಮಾ... ಅಜ್ಜ ಹೂಂ ಅಂದ್ಬಿಟ್ನಾ?"

ಅಂದು ಮಧ್ಯಾಹ್ನವಷ್ಟೇ ಅದೇ ಯೂನಿವರ್ಸಿಟಿಯ ಗಣಿತ ವಿಭಾಗದಿಂದ ನಿವೃತ್ತಳಾಗಿ, ತನ್ನ ಕೋಣೆಯ ಕೀಲಿಕೈಯನ್ನು ಒಪ್ಪಿಸಿ ಬಂದಿದ್ದ ಪ್ರಾಧ್ಯಾಪಕಿ, ಅಪ್ಪ ಕೊಟ್ಟ ಬೀಗವನ್ನು ಮಡಿಲಲ್ಲಿಟ್ಟುಕೊಂಡು ತಲೆಯಾಡಿಸಿದಳು.