ಕೂಗದ ಬಜರ್

ಬಜರ್ ಬದಲಾಯಿಸಿದ್ದೂ ಆಯಿತು. ಹೊಸದೂ ಬಾಯಿ ಬಿಡಲಿಲ್ಲ. ರೇಡಿಯೊ ಮೆಕ್ಯಾನಿಕ್ ತಲೆ ಮೇಲೆ ಕೈ ಹೊತ್ತು ಕೂತ.

ಬೆಳಗ್ಗೆಯಿಂದ ಇದೇ ಗೋಳು. ತಾಮ್ರದ ಹಲಗೆಯ ಮೇಲೆ ತಾನೇ ಗೆರೆ ಬರೆದು, ಬೇಡದ ತಾಮ್ರವನ್ನು ದ್ರಾವಣದಲ್ಲಿ ಕರಗಿಸಿ, ತೂತು ಕೊರೆದು, ನಡುವೆ ಮೈಕ್ರೊಕಂಟ್ರೋಲರ್ ಚಿಪ್ ಕೂರಿಸಿದ್ದ. ಅದು ಮಾಡಬೇಕಾದ ಕೆಲಸ ಇಷ್ಟೇ. ಪಕ್ಕದ ಕೋಣೆಯಲ್ಲಿ ಮಲಗಿದ ಹೆಂಡತಿ ಗುಂಡಿ ಒತ್ತಿದರೆ ಇಲ್ಲಿ ಬಜರ್ ಕೂಗಬೇಕು.

ಸೊಂಟ ಮುರಿದು ಹಾಸಿಗೆ ಹಿಡಿದ ಮೇಲೆ ಅವಳ ದನಿಯೇ ಉಡುಗಿಹೋಗಿತ್ತು. ಹತ್ತಿರ ಹೋಗಿ ಬಗ್ಗಿದರೂ ಅರ್ಧ ಮಾತು ಬಾಯಲ್ಲೇ ಉಳಿಯುತ್ತಿತ್ತು. ನಿನ್ನೆ ನೀರಿಗಾಗಿ ಕರೆದು ಕರೆದು ಸಾಕಾಗಿ ತಾನೇ ಎದ್ದಳು, ಬಿದ್ದಳು. ಇವನು ಬಾಗಿಲು ತೆರೆದಿಟ್ಟುಕೊಂಡೇ ಇಲ್ಲಿ ಬೆಸುಗೆ ಹಾಕುತ್ತಿದ್ದ. ಇನ್ನೊಮ್ಮೆ ಬಿದ್ದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ ಹೋಗಿದ್ದರು.

ಮೀಟರ್ ಹಚ್ಚಿ ನೋಡಿದ. ಕರೆಂಟು ಬಜರಿನವರೆಗೂ ಸರಿಯಾಗಿ ಬರುತ್ತಿದೆ. ತಂತಿ ತುಂಡಾಗಿಲ್ಲವೆಂದು ಕೀಂಗುಟ್ಟಿ ಹೇಳಬೇಕಾದ ಮೀಟರೂ ಇವತ್ತು ಮೂಕ. ಗಾಯದ ಮೇಲೆ ಬರೆ ಎಳೆದ ಹಾಗೆ ಅದರ ಬ್ಯಾಟರಿಯೂ ಸೋತಿರಬೇಕು. ಅಂಕಿ ನೋಡಿಕೊಂಡೇ ಕೆಲಸ ಸಾಗಿಸಿದ. ಚಿಪ್ಪಿಗೆ ಮತ್ತೆ ಪ್ರೋಗ್ರಾಮ್ ತುಂಬಿಸಿ, ಗುಂಡಿಯನ್ನು ಒತ್ತಿ ಹಿಡಿದ. ಊಹೂಂ.

ಯಾರೋ ಬಾಗಿಲು ದಬದಬ ಬಡಿದರು. ಕೆಳಮನೆಯ ಲಾರಿ ಡ್ರೈವರ್. ಅವನ ಗಂಟಲು ಗುಡುಗು.

“ಬೆಳಗ್ಗೆಯಿಂದ ಇದೇ ಆಯ್ತಲ್ಲ ಯಜಮಾನ್ರೇ! ಇನ್ನಾದ್ರೂ ಸಾಕು ಮಾಡ್ರಿ!”

“ಸರಿಹೋಗೋವರೆಗೂ ಬಿಡಲ್ಲಪ್ಪ.”

ಡ್ರೈವರ್ ಅವನನ್ನು ಮೇಲಿಂದ ಕೆಳಗೆ ನೋಡಿ, ಹಣೆ ಚಚ್ಚಿಕೊಂಡು ಮೆಟ್ಟಿಲಿಳಿದ.

ಮೆಕ್ಯಾನಿಕ್‌ಗೆ ಅಳುವೇ ಬಂತು. ಊರವರ ಸತ್ತ ರೇಡಿಯೊಗಳನ್ನೆಲ್ಲ ಮಾತಾಡಿಸಿದ ಕೈಗೆ ಹೆಂಡತಿಗೊಂದು ಕರೆಗಂಟೆ ಮಾಡಿಕೊಡಲು ಆಗುತ್ತಿಲ್ಲ. ಹಲಗೆ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದ. ಅವಳು ತುಟಿ ಅಲ್ಲಾಡಿಸುತ್ತಿದ್ದಳು. ಮುಖ ಕೆಂಪಾಗಿ ಕತ್ತಿನ ನರ ಉಬ್ಬಿತ್ತು. ಪಾಪ, ನೋವು ಜಾಸ್ತಿಯಾಗಿದೆ ಎಂದುಕೊಂಡ.

“ನನ್ನ ಕೈಲಾಗ್ಲಿಲ್ಲ ಕಣೇ,” ಎಂದು ಮಂಚದ ಪಕ್ಕ ಕುಸಿದು ಕೂತ. “ನೀನೇ ನೋಡು, ಒಂಚೂರೂ ಉಸಿರಿಲ್ಲ ಇದಕ್ಕೆ.”

ಗುಂಡಿಯನ್ನು ಬಲವಾಗಿ ಒತ್ತಿದ.

ಹೆಂಡತಿ ತಟ್ಟನೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.